ಹಳೆಯ ಪಾತ್ರೆ, ಹಳೆಯ ಮಾತು

(ಹಿಂಜವಾಡಿಯಲ್ಲಿ ನಡೆದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ, ಸಾಹಿತಿಯಂತೂ ಅಲ್ಲವೇ ಅಲ್ಲ. ಬಿ.ಕಾಂ. ಓದಿ ಬ್ಯಾಂಕು ಸೇರಿದ ಗುಮಾಸ್ತ. ನಮ್ಮ ಕಾರ್ಯದರ್ಶಿಗಳು ಒಂದು ಸಂಜೆ ಮನೆಗೆ ಬಂದು, 'ನೀವು ಬ್ಯಾಂಕಿನವರು, ಉಳಿತಾಯದ ವಿಷಯವಾಗಿ ನಾಲ್ಕು ಮಾತು ಹೇಳಿರಿ' ಎಂದರು. ನಾನು ಒಪ್ಪಿಕೊಂಡೆ. ಆದರೆ ಬರೆಯಲು ಕುಳಿತಾಗ ಹಣದ ಉಳಿತಾಯಕ್ಕಿಂತ ಬೇರೊಂದು ಉಳಿತಾಯದ ಮಾತೇ ಮತ್ತೆ ಮತ್ತೆ ನೆನಪಿಗೆ ಬರತೊಡಗಿತು. ಅದರಲ್ಲಿ ನನ್ನ ಲೆಕ್ಕ ತಪ್ಪಿದೆ. ಆ ತಪ್ಪನ್ನೇ ಇಂದು ನಿಮ್ಮ ಮುಂದೆ ಒಪ್ಪಿಸುತ್ತೇನೆ, ಕಾರ್ಯದರ್ಶಿಗಳು ಕ್ಷಮಿಸಬೇಕು.

ನಾವು ಕೂತಿರುವ ಈ ಹಿಂಜವಾಡಿಯನ್ನೇ ನೋಡಿರಿ. 1990ರ ದಶಕದ ಕೊನೆಯಲ್ಲಿ ಇಲ್ಲಿ ಐ.ಟಿ. ಪಾರ್ಕು ತಲೆಯೆತ್ತುವ ಮೊದಲು ಇದು ಮುಳಶಿ ತಾಲೂಕಿನ ಒಂದು ಹಳ್ಳಿ. ಊರಿಗೆ ಗ್ರಾಮದೈವ ಮ್ಹಾತೋಬಾ ಇದ್ದಾನೆ. ಚೈತ್ರದಲ್ಲಿ ಅವನ ಜಾತ್ರೆ, ಜಾತ್ರೆಯಲ್ಲಿ ಬಗಾಡ. ನಮ್ಮ ಕಡೆ ಸಿಡಿ ಎನ್ನುತ್ತೇವಲ್ಲ, ಅದರ ನೆಂಟ. ನಾವು ಬಂದವರು. ನಮ್ಮ ಹಿಂದಿನ ಕಾಲ ಇಲ್ಲಿಲ್ಲ; ಅದು ಗದಗಿನಲ್ಲಿ, ಉಡುಪಿಯಲ್ಲಿ, ಹಾಸನದಲ್ಲಿ, ಕಲಬುರಗಿಯಲ್ಲಿ ಉಳಿದಿದೆ. ಹಾಗೆಂದು ತಿಳಿದಿದ್ದೆ. ಆದರೆ ಅದರ ಒಂದು ಪಾಲು ನನ್ನ ಮನೆಯ ಹನ್ನೊಂದನೆಯ ಅಂತಸ್ತಿನ ಬಾಲ್ಕನಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಕೆಳಗೆ ಹರಿಯುವ ಮೋಟಾರುಗಳ ಸಾಲನ್ನು ನೋಡುತ್ತ ಕುಳಿತಿದೆಯೆಂದು ನನಗೆ ಹೊಳೆದಿರಲಿಲ್ಲ. ಅವಳು ನನ್ನ ಅವ್ವ. ಅಪ್ಪ ತೀರಿಕೊಂಡ ಮೇಲೆ ರೋಣ ತಾಲೂಕಿನ ನಮ್ಮ ಹಳ್ಳಿಯಿಂದ ಕರೆತಂದೆವು. ಮರಾಠಿ ಬಾರದು, ಹಿಂದಿ ಅರೆಬರೆ. ಮೊಮ್ಮಗಳು ಕನ್ನಡ ಮಾತಾಡುತ್ತಾಳೆ, ಆದರೆ ನಿಮಿಷಕ್ಕೊಮ್ಮೆ ಮಾತು ಇಂಗ್ಲಿಷಿಗೆ ಜಾರುತ್ತದೆ.

ಮೂರನೆಯ ಇಯತ್ತೆಯ ಆ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. 'ನಿಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಬಳಕೆಯಲ್ಲಿದ್ದು ಈಗ ಕಾಣದಂತಾದ ಐದು ವಸ್ತುಗಳ ಚಿತ್ರ ತನ್ನಿ, ಹಿರಿಯರನ್ನು ಕೇಳಿ ಬರೆಯಿರಿ.' ಒಳ್ಳೆಯ ಕೆಲಸವೇ. ಆದರೆ ಹಿರಿಯರನ್ನು ಕೇಳುವ ವ್ಯವಧಾನ ಯಾರಿಗೆ? ನಾನು ಫೋನಿನಲ್ಲಿ ಐದು ಚಿತ್ರ ಹುಡುಕಿದೆ, ಅಂಗಡಿಯಲ್ಲಿ ಅಚ್ಚು ಹಾಕಿಸಿದೆ, ಅವಳು ಅಂಟಿಸಿದಳು, ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಬರೆದಳು. ಶಾಲೆಯಿಂದ ನಕ್ಷತ್ರದ ಗುರುತೂ ಸಿಕ್ಕಿತು. ಮರುದಿನ ಅವ್ವ ಆ ಹಾಳೆಯನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದು, 'ತಮ್ಮಾ, ಇದು ಬೀಸುಕಲ್ಲಲ್ಲೇನೋ? ಗೂಟಾನ ಇಲ್ಲಲ್ಲ ಇದಕ್ಕ. ಏನು ಹಿಡದು ತಿರುವತಾರ?' ಎಂದಳು. ಹೌದು, ಚಿತ್ರದ ಕಲ್ಲಿಗೆ ಹಿಡಿಗೂಟವಿರಲಿಲ್ಲ. ನಾನೂ ನೋಡಿರಲಿಲ್ಲ, ಮಗಳೂ ನೋಡಿರಲಿಲ್ಲ, ಗುರುತು ಹಾಕಿದವರೂ ನೋಡಿರಲಿಲ್ಲ. ಬಾಲ್ಕನಿಯಲ್ಲಿ ಕುಳಿತವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆ ಭಾನುವಾರ ಮೂವರೂ ಪುಣೆಯ ಶುಕ್ರವಾರ ಪೇಟೆಗೆ, ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೆ ಹೋದೆವು. ನಿಮ್ಮಲ್ಲಿ ಬಹಳ ಜನ ಶನಿವಾರವಾಡೆಯನ್ನು ನೋಡಿದ್ದೀರಿ, ಇದನ್ನು ನೋಡಿಲ್ಲವೆಂದು ನನ್ನ ಊಹೆ. ದಿನಕರ ಕೇಳಕರರು (1896–1990) ಪುಣೆಯಲ್ಲಿ ಕನ್ನಡಕದ ವ್ಯಾಪಾರ ಮಾಡುತ್ತಿದ್ದವರು. 'ಅಜ್ಞಾತವಾಸಿ' ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆದವರು. 1920ರ ಸುಮಾರಿನಿಂದ ಊರೂರು ತಿರುಗಿ ಹಳೆಯ ಸಾಮಾನು ಕೂಡಿಸತೊಡಗಿದರು. ಪತ್ನಿ ಕಮಲಾಬಾಯಿಯವರೂ ಅದಕ್ಕೆ ಹೆಗಲು ಕೊಟ್ಟರು. ಅವರ ಮಗ ರಾಜಾ ಎಳೆವಯಸ್ಸಿನಲ್ಲಿಯೇ ತೀರಿಹೋದ. ಸಂಗ್ರಹಕ್ಕೆ ಆ ಮಗುವಿನ ಹೆಸರನ್ನೇ ಇಟ್ಟರು. 1960ರ ಹೊತ್ತಿಗೆ ಸುಮಾರು 15,000 ವಸ್ತುಗಳಾಗಿದ್ದವು. ಆಮೇಲೆ ಅವನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿಬಿಟ್ಟರು. ಈಗ 20,000ಕ್ಕೂ ಹೆಚ್ಚಿವೆ. ನೋಡಲು ಇಟ್ಟಿರುವುದು ಅದರಲ್ಲಿ ಎಂಟರಲ್ಲೊಂದು ಪಾಲು. ಮಸ್ತಾನಿಯ ಮಹಲಿನ ಭಾಗಗಳನ್ನು ಕೋಥರೂಡಿನಿಂದ ತಂದು ಒಳಗೆ ಜೋಡಿಸಿದ್ದಾರೆ. ಜನ ಅದರ ಮುಂದೆ ನಿಂತು ಬೆರಗಾಗುತ್ತಾರೆ. ಆದರೆ ಆ ಮನೆಯ ನಿಜವಾದ ಐಶ್ವರ್ಯ ಬೇರೆ: ದೀಪಗಳು, ಬೀಗಗಳು, ಬಾಚಣಿಗೆಗಳು, ಮಸಿಕುಡಿಕೆಗಳು, ಎಲೆ ಅಡಿಕೆಯ ಡಬ್ಬಿಗಳು. ರಾಜರ ಖಡ್ಗವನ್ನು ಕಾಯುವವರು ಬಹಳ. ಅಡಿಗೆಮನೆಯ ಈಳಿಗೆಯನ್ನು ಕಾದಿಟ್ಟವರು ಕಡಿಮೆ.

ಅವ್ವ ಮೊದಲು ಹೆದರಿ ಹೆದರಿ ನಡೆಯುತ್ತಿದ್ದಳು. ಅಡಕೊತ್ತುಗಳ ಪೆಟ್ಟಿಗೆಯ ಮುಂದೆ ನಿಂತಳು, ನಿಂತೇಬಿಟ್ಟಳು. ಕುದುರೆಯ ಆಕಾರದ್ದು, ಗಿಳಿಯ ಆಕಾರದ್ದು, ಗಂಡ ಹೆಂಡಿರು ಎದುರುಬದುರಾಗಿ ನಿಂತದ್ದು. 'ನಮ್ಮ ಮುತ್ತ್ಯಾನ ಚಂಚ್ಯಾಗ ಹಿಂತಾದ ಇತ್ತು. ಇಷ್ಟು ಚಂದ ಇರಲಿಲ್ಲ ಬಿಡು' ಎಂದು ಮೊಮ್ಮಗಳಿಗೆ ಹೇಳತೊಡಗಿದಳು: ಗೋಟಡಿಕೆಯನ್ನು ಹೇಗೆ ಇಡಬೇಕು, ಬೆರಳು ಎಲ್ಲಿರಬೇಕು, ಮದುವೆಯಲ್ಲಿ ಹೋಳು ಮಾಡುವವರ ಕೈ ಎಷ್ಟು ಚುರುಕು. ಪಕ್ಕದಲ್ಲಿ ನಿಂತಿದ್ದ, ಅವ್ವನ ವಯಸ್ಸಿನ ಒಬ್ಬ ಮರಾಠಿ ಅಜ್ಜಿ 'ಅಡಕಿತ್ತಾ, ಅಡಕಿತ್ತಾ' ಎಂದು ತಲೆದೂಗಿದರು. ಆಮೇಲೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಹತ್ತು ನಿಮಿಷ ಮಾತಾಡಿಕೊಂಡರು! ಒಬ್ಬರ ಮಾತು ಇನ್ನೊಬ್ಬರಿಗೆ ಎಷ್ಟು ತಿಳಿಯಿತೋ ದೇವರೇ ಬಲ್ಲ, ನಗು ಮಾತ್ರ ತಿಳಿಯಿತು. ಆಗ ನನಗೊಂದು ವಿಚಾರ ಬಂತು. ಮರಾಠಿಯಲ್ಲಿ ಅಡಿಕೆಗೆ ಸುಪಾರಿ ಎನ್ನುತ್ತಾರೆ. ಆದರೂ ಅದನ್ನು ಕತ್ತರಿಸುವ ಉಪಕರಣದ ಹೊಟ್ಟೆಯಲ್ಲಿ ನಮ್ಮ 'ಅಡಕೆ' ಕುಳಿತಿದೆ. ನಾವೂ ಸುಮ್ಮನಿಲ್ಲ, ಕಂದೀಲು, ಚಿಮಣಿ, ಅಡತ್ತು ಎಂದು ಈ ಕಡೆಯ ಮಾತುಗಳನ್ನು ನಮ್ಮ ಮನೆಗೆ ಧಾರಾಳವಾಗಿ ತಂದುಕೊಂಡಿದ್ದೇವೆ. ನಾವು ಈ ನಾಡಿಗೆ ಬರುವ ಎಷ್ಟೋ ಮೊದಲೇ ನಮ್ಮ ಪಾತ್ರೆ ಪರಡಿಗಳು ಹೋಗಿಬಂದು ಮಾಡಿದ್ದವು.

ಎಲ್ಲದಕ್ಕೂ ಅವ್ವನ ಬಳಿ ಹೆಸರಿತ್ತೆಂದು ತಿಳಿಯಬೇಡಿ. ಪಾದ ಉಜ್ಜಿಕೊಳ್ಳುವ ಚಂದದ ಹಿತ್ತಾಳೆಯ ಸಾಮಾನುಗಳು ಅಲ್ಲಿ ಎಷ್ಟೋ ಇವೆ, ವಜ್ರೀ ಎನ್ನುತ್ತಾರೆ. ಮೇಲೆ ನವಿಲು, ಆನೆ, ಕೆಳಗೆ ಒರಟು ತಳ. ಇದೇನೆಂದು ಮಗಳು ಕೇಳಿದಾಗ ಅವ್ವ, 'ಇದು ದೊಡ್ಡವರ ಮನೀದು. ನಾವು ಇಟ್ಟಂಗಿ ಚೂರಿಲೆ ತಿಕ್ಕೋತಿದ್ವಿ' ಎಂದುಬಿಟ್ಟಳು. ಆ ಚೂರನ್ನು ಯಾವ ಸಂಗ್ರಹಾಲಯವೂ ಇಟ್ಟಿಲ್ಲ, ಇಡುವುದೂ ಸಾಧ್ಯವಿಲ್ಲ. ಆದರೆ ಅದೂ ನಿತ್ಯಜೀವನವೇ ತಾನೆ? ಅದು ಉಳಿದಿರುವುದು ಹೀಗೆ ಹೇಳುವವರ ಬಾಯಲ್ಲಿ ಮಾತ್ರ.

ಮನೆಗೆ ಬಂದೆವು. ರಾತ್ರಿಯ ಅನ್ನಕ್ಕೆ ಅವ್ವ ಸ್ಟೀಲ್ ಲೋಟದಲ್ಲಿ ಅಕ್ಕಿ ಅಳೆದು, 'ಎರಡು ಪಾವು ಸಾಕು' ಎಂದಳು. ಮಗಳು ಚಕಿತಳಾಗಿ, 'ಅಜ್ಜಿ, ಪಾವು ಅಂದರೆ ವಡಾಪಾವಿನ ಪಾವಾ?' ಎಂದಳು. ನಾವೆಲ್ಲ ನಕ್ಕೆವು. ನಕ್ಕಮೇಲೆ ನನಗೆ ಸ್ವಲ್ಪ ಕಸಿವಿಸಿಯಾಯಿತು. ಅಂಕಿಯಿಂದಲೇ ಅನ್ನ ತಿನ್ನುವ ನನಗೂ ಪಾವಿನ ಲೆಕ್ಕ ನೆಟ್ಟಗೆ ಬರುತ್ತಿರಲಿಲ್ಲ.

ಅವ್ವ ಹೇಳಿದಳು. ಸೇರಿನ ಅರ್ಧ ಅಚ್ಚೇರು, ಕಾಲು ಪಾವು, ಅದರ ಅರ್ಧ ಅರಪಾವು, ಹದಿನಾರರಲ್ಲೊಂದು ಪಾಲು ಚಟಾಕು. ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ; ತೂಕದ್ದಾದರೆ 80 ತೊಲ, ಈಗಿನ ಸುಮಾರು 933 ಗ್ರಾಂ. ಅವ್ವನ ಅಪ್ಪ, ನನ್ನ ಅಜ್ಜ, ಗದಗಿನ ಒಂದು ಅಡತ್ ಅಂಗಡಿಯಲ್ಲಿ ಮುನೀಮನಾಗಿದ್ದವನು. ನಾಲ್ಕನೆಯ ಇಯತ್ತೆ ಓದಿದವನು ಬಾಯಲ್ಲಿಯೇ ಲೆಕ್ಕ ಹೇಳುತ್ತಿದ್ದನಂತೆ. ಹೇಗೆ ಎಂದು ಕುತೂಹಲದಿಂದ ನಾನು ಕಾಗದ ಹಿಡಿದು ಕುಳಿತೆ. ನೋಡಿರಿ, ಸೇರಿಗೆ 16 ಚಟಾಕು. ರೂಪಾಯಿಗೆ 16 ಆಣೆ. ಆದ್ದರಿಂದ ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಇನ್ನು ಸರಕಾರಿ ಮಣಕ್ಕೆ 40 ಸೇರು. 40ನ್ನು 16ರಿಂದ ಭಾಗಿಸಿದರೆ ಎರಡೂವರೆ. ಹಾಗಾದರೆ ಮಣಕ್ಕೆ ಎಷ್ಟು ರೂಪಾಯಿಯೋ ಎರಡೂವರೆ ಸೇರಿಗೆ ಅಷ್ಟು ಆಣೆ. ಮಣಕ್ಕೆ 20 ರೂಪಾಯಿಯ ಜೋಳವಾದರೆ ಎರಡೂವರೆ ಸೇರಿಗೆ 20 ಆಣೆ, ಅಂದರೆ ಒಂದೂಕಾಲು ರೂಪಾಯಿ. ಹಿಂದಿನ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಎರಡೂವರೆಯ ಮಗ್ಗಿಯನ್ನೂ ಏಕೆ ಬಾಯಿಪಾಠ ಮಾಡಿಸುತ್ತಿದ್ದರೆಂದು ನನಗೆ ಮೂವತ್ತು ದಾಟಿದ ಮೇಲೆ, ಅಡಿಗೆಮನೆಯಲ್ಲಿ, ಅನ್ನ ಬೇಯುತ್ತಿರುವಾಗ ತಿಳಿಯಿತು! ಅದು ಬರಿಯ ಗಿಳಿಪಾಠವಲ್ಲ, ಸಂತೆಯ ಬೀಗದ ಕೈ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ರೂಪಾಯಿಗೆ ನೂರು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ಇದರಿಂದ ದೇಶಕ್ಕೆ ಒಳ್ಳೆಯದೇ ಆಯಿತು. ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದಾಗ ಮೋಸಹೋಗುತ್ತಿದ್ದವನು ಬಡ ರೈತ. ಆದರೆ ಒಂದು ಆಣೆಗೆ ಆರೂಕಾಲು ಪೈಸೆಯೆಂದು ಹೊಂದಿಸಿಕೊಳ್ಳಲು ಅಜ್ಜನಂಥ ಮುನೀಮರು ಪಟ್ಟ ಪಾಡನ್ನು ನೆನೆದರೆ ನಗುವೂ ಬರುತ್ತದೆ, ಕನಿಕರವೂ ಆಗುತ್ತದೆ. ಬ್ಯಾಂಕಿನಲ್ಲಿ ಲೆಡ್ಜರು ಹೋಗಿ ಕಂಪ್ಯೂಟರು ಬಂದಾಗ ನಮ್ಮ ಹಿರಿಯ ಸಹೋದ್ಯೋಗಿಗಳೂ ಹಾಗೆಯೇ ಪರದಾಡಿದ್ದರಂತೆ.

'ಅಜ್ಜನ ಸೇರು ಎಲ್ಲಿದೆ? ತೋರಿಸು' ಎಂದಳು ಮಗಳು. ಅವ್ವ ನನ್ನ ಮುಖ ನೋಡಿದಳು. ಮಾತಾಡಲಿಲ್ಲ.

ನಾನು ಒಪ್ಪಿಸಬೇಕಾದ ತಪ್ಪು ಇದೇ. ಮುನೀಮನ ಕಬ್ಬಿಣದ ಸೇರು, ಅಚ್ಚೇರು, ಪಾವು ಮೂರೂ ಅವ್ವನ ಜೊತೆ ನಮ್ಮ ಮನೆಗೆ ಬಂದಿದ್ದವು. ಸೇರಿನ ಅಂಚಿಗೆ ಸರಕಾರದ ಮುದ್ರೆಯೂ ಇತ್ತು. 2019ರಲ್ಲಿ ಹಳ್ಳಿಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನದನ್ನೆಲ್ಲ ಇಳಿಸಿ ಗುಜರಿಯವನಿಗೆ ಹಾಕಿದೆ. ಕಬ್ಬಿಣ 17 ಕಿಲೋ, ಹಿತ್ತಾಳೆ 9 ಕಿಲೋ, ಒಟ್ಟು ರೂ. 3,040. ಗುಮಾಸ್ತನ ಚಾಳಿ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ತೂಕದಲ್ಲಿ ಅವನು ಮೋಸ ಮಾಡದ ಹಾಗೆ ಕಣ್ಣಿಟ್ಟು ನಿಂತಿದ್ದೆ. ಅಜ್ಜ ಜೀವಮಾನವೆಲ್ಲ ಅಳೆದ ಸೇರನ್ನು ನಾನು ಕಿಲೋದ ಲೆಕ್ಕದಲ್ಲಿ ತೂಗಿಸಿ ಮಾರಿದೆ. ಅವ್ವ ಅಂದು ಬಾಗಿಲಲ್ಲಿಯೇ ಇದ್ದಳು. 'ಪುಣೇದಾಗ ಇದನ್ನ ಎಲ್ಲಿ ಇಡತೀಯವ್ವಾ?' ಎಂದು ನಾನೇ ಅವಳ ಬಾಯಿ ಮುಚ್ಚಿಸಿದ್ದೆ.

ನನ್ನ ಹಾಗೆಯೇ ಬ್ಯಾಂಕಿನಲ್ಲಿ ಕೆಲಸ ಮಾಡಿದವರೊಬ್ಬರು ಇದಕ್ಕೆ ಪೂರ್ತಿ ವಿರುದ್ಧವಾಗಿ ನಡೆದರೆಂದು ಆಮೇಲೆ ಓದಿದಾಗ ನನಗೆ ಇನ್ನಷ್ಟು ನಾಚಿಕೆಯಾಯಿತು. ಮಣಿಪಾಲದ ವಿಜಯನಾಥ ಶೆಣೈಯವರು ಸಿಂಡಿಕೇಟ್ ಬ್ಯಾಂಕಿನ ನೌಕರರು. 1928ರಲ್ಲಿ ದಿನಕ್ಕೆರಡಾಣೆಯಂತೆ ಮನೆ ಮನೆಯಿಂದ ಪಿಗ್ಮಿ ಠೇವಣಿ ಕೂಡಿಸಲು ಆರಂಭಿಸಿದ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಒಂದಾದ ಬ್ಯಾಂಕು ಅದು. ಕರಾವಳಿಯಲ್ಲಿ ಹಳೆಯ ಮನೆಗಳನ್ನು ಕೆಡವಿ ತೊಲೆ ಕಂಬಗಳನ್ನು ಮಾರುತ್ತಿದ್ದ ಕಾಲದಲ್ಲಿ ಶೆಣೈಯವರು ಅವನ್ನು ಉಳಿಸಿಕೊಳ್ಳಲು ಓಡಾಡಿದರು. ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಜೋಡಿಸಿದರು. 'ಹಸ್ತಶಿಲ್ಪ' ಎಂಬ ಆ ಪರಂಪರೆಯ ಗ್ರಾಮ ಇಂದಿಗೂ ಇದೆ. 2017ರಲ್ಲಿ ಅವರು ತೀರಿಕೊಂಡರು. ಗುಜರಿಯವನ ಬಾಗಿಲಿಗೆ ಅವರೂ ಹೋಗಿದ್ದಾರು, ನಾನೂ ಹೋದೆ. ಅವರು ಕೊಳ್ಳಲು, ನಾನು ಮಾರಲು.

ಊರಿಗೆ ಹೋಗುವಾಗ ನೋಡಲು ಇಂಥವು ಇನ್ನೂ ಇವೆ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದದ್ದು. ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ತಿರ, ಬೆಂಗಳೂರು–ಮೈಸೂರು ದಾರಿಯಲ್ಲಿದೆ. ಬೆಳಗಾವಿ, ಹುಬ್ಬಳ್ಳಿಯ ಕಡೆಯವರಿಗಂತೂ ದಾರಿಯಲ್ಲೇ, ಕೊಲ್ಹಾಪುರದಾಚೆ ಕಣೇರಿ ಮಠದ ಸಿದ್ಧಗಿರಿ ಸಂಗ್ರಹಾಲಯವಿದೆ. ಅಲ್ಲಿ ಬಯಲಿನಲ್ಲಿ ಸಿಮೆಂಟಿನ ಮೂರ್ತಿಗಳಿಂದ ಹಳ್ಳಿಯ ಬದುಕನ್ನೇ ಹೂಡಿದ್ದಾರೆ: ಕಮ್ಮಾರ, ಕುಂಬಾರ, ಬಡಿಗ, ಕ್ಷೌರಿಕ, ಮರಾಠಿಯವರ ಬಾರಾ ಬಲುತೇದಾರರು, ನಮ್ಮ ಹನ್ನೆರಡು ಆಯಗಾರರು. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ಆದರೆ ಒಂದು ಮಾತು ಹೇಳದಿದ್ದರೆ ನನ್ನ ಲೆಕ್ಕ ಮತ್ತೆ ತಪ್ಪುತ್ತದೆ. ಸಿಮೆಂಟಿನ ಮೂರ್ತಿ ಬೆವರುವುದಿಲ್ಲ. ಆಯದ ಧಾನ್ಯಕ್ಕಾಗಿ ಊರಿಗೆಲ್ಲ ದುಡಿದವರಲ್ಲಿ ಕೆಲವರಿಗೆ ಊರಬಾವಿಯ ನೀರು ಸೇದುವ ಅಧಿಕಾರವಿರಲಿಲ್ಲವೆಂಬುದನ್ನು ಆ ನಗುಮುಖದ ಹಳ್ಳಿ ಮಕ್ಕಳಿಗೆ ಹೇಳುವುದಿಲ್ಲ. ಅದನ್ನು ನಾವು ಹೇಳಬೇಕು. 'ಹಿಂದೆ ಎಲ್ಲ ಚೆನ್ನಾಗಿತ್ತು' ಎಂದು ನಾನು ಅವ್ವನ ಮುಂದೆ ಒಮ್ಮೆ ಅಂದೆ. ಅವಳು ಎರಡೂ ಅಂಗೈ ಬಿಡಿಸಿ ತೋರಿಸಿದಳು. 'ನಸುಕಿನ್ಯಾಗ ಎದ್ದು ಬೀಸಿದ ಕೈ ಇವು. ಗಿರಣಿ ಬಂತು, ನಾವು ಬದುಕಿದ್ವಿ' ಎಂದಳು. ಮರುಗಳಿಗೆಯಲ್ಲಿಯೇ ಬೀಸುವಾಗಿನ ಒಂದು ಪದ ಗುನುಗಿದಳು. ಎರಡೂ ಅವಳದೇ; ಒಂದನ್ನು ಹಿಡಿದು ಒಂದನ್ನು ಬಿಡುವಂತಿಲ್ಲ.

ಈ ಪದಗಳ ವಿಷಯದಲ್ಲಿ ನಾವು ಪುಣ್ಯವಂತರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಆ ಊರು ಭೀಮೆಯ ಸೀಮೆಯದು. ನಮ್ಮ ಮಗ್ಗುಲಲ್ಲಿ ಹರಿಯುವ ಮುಳಾ ನದಿ ಮುಠೆಯನ್ನು ಕೂಡಿಕೊಂಡು ಭೀಮೆಗೆ ಸೇರಿ ಆ ಕಡೆಗೇ ಹೋಗುತ್ತದೆ. ಹಾಡು ಪುಸ್ತಕದಲ್ಲಿ ಉಳಿಯಿತು, ಕಲ್ಲು ಸಂಗ್ರಹಾಲಯದಲ್ಲಿ ಉಳಿಯಿತು. ಕಲ್ಲಿನ ಮುಂದೆ ಕೂತು ಹಾಡಬಲ್ಲವರು ನಮ್ಮ ಬಾಲ್ಕನಿಗಳಲ್ಲಿದ್ದಾರೆ. ಈ ಮೂರೂ ಒಂದೆಡೆ ಸೇರುವ ಜಾಗವಿದ್ದರೆ ಅದು ಶಾಲೆಯ ಕೋಣೆ.

ಶಾಲೆಯವರು ಇದಕ್ಕೆ ಅಡ್ಡಿಯೆಂದು ದೂರುವಂತಿಲ್ಲ. 2006ರ ನಂತರ ಎನ್.ಸಿ.ಇ.ಆರ್.ಟಿ.ಯವರು ತಂದ ಪರಿಸರ ಅಧ್ಯಯನದ ಪುಸ್ತಕಗಳಲ್ಲಿ ಪಾಠಪಾಠಕ್ಕೂ 'ಮನೆಯ ಹಿರಿಯರನ್ನು ಕೇಳು' ಎಂಬ ಪ್ರಶ್ನೆಗಳಿದ್ದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿದೆ. ಬಡಿಗ, ಕುಂಬಾರರಂಥ ಕಸುಬುದಾರರ ಹತ್ತಿರ ಕಲಿಯಲಿ ಎಂದು. ಪ್ರಶ್ನೆ ಪುಸ್ತಕದಲ್ಲಿದೆ, ಉತ್ತರ ಮನೆಯಲ್ಲಿದೆ. ನಡುವೆ ಫೋನು ಹಿಡಿದು ನಿಂತ ತಂದೆ, ಅಂದರೆ ನಾನು, ದಾರಿ ಬಿಡಬೇಕಷ್ಟೆ. ಪುಣೆಯಲ್ಲಿ ಕನ್ನಡ ಸಂಘದವರು ಕನ್ನಡ ಮಾಧ್ಯಮದ ಶಾಲೆ ನಡೆಸುತ್ತಾರೆ. ಆದರೆ ಹಿಂಜವಾಡಿಯ ನಮ್ಮ ಮಕ್ಕಳು ಬಹುಮಟ್ಟಿಗೆ ಇಂಗ್ಲಿಷ್ ಶಾಲೆಯವರು. ಅವರಿಗೆ ಕನ್ನಡ ಅಕ್ಷರಮಾಲೆಯಿಂದ ಬರುವುದಕ್ಕಿಂತ ಮೊದಲು ಅಡಕೊತ್ತು, ಪಾವು, ತತ್ರಾಣಿ, ಕೌದಿಗಳಿಂದ ಬಂದರೂ ಬರಬಹುದು. ನನ್ನ ಮಗಳು ಈಗ ವಡಾಪಾವಿಗೂ ಅಕ್ಕಿಯ ಪಾವಿಗೂ ವ್ಯತ್ಯಾಸ ಬಲ್ಲಳು. ಮೊನ್ನೆ ತರಗತಿಯಲ್ಲಿ ಎರಡೂವರೆ ಸೇರಿನ ಲೆಕ್ಕ ಹೇಳಿ ಬಂದಳಂತೆ. ಅಜ್ಜಿಯನ್ನು ಒಂದು ದಿನ ಕಳಿಸಿರೆಂದು ಅವಳ ಶಿಕ್ಷಕಿ ಕೇಳಿದ್ದಾರೆ. ಅವ್ವ ಮೂರು ದಿನದಿಂದ ಯಾವ ಸೀರೆ ಉಡಬೇಕೆಂಬ ಚಿಂತೆಯಲ್ಲಿದ್ದಾಳೆ.

ಇನ್ನು ಊಟಕ್ಕೆ ತಡಮಾಡುವುದಿಲ್ಲ. ಒಳಗೆ ಬರುವಾಗ ಬಾಗಿಲ ಬಳಿಯ ಮೇಜನ್ನು ನೋಡಿರಬಹುದು. ಐದಾರು ಮನೆಗಳಿಂದ ಬೇಡಿ ತಂದ ಹನ್ನೊಂದು ಸಾಮಾನುಗಳಿವೆ, ಪ್ರತಿಯೊಂದರ ಮುಂದೆ ಒಂದು ಚೀಟಿ. ನಿಮ್ಮ ಮನೆಯಲ್ಲಿ ಅದಕ್ಕೆ ಏನೆನ್ನುತ್ತಿದ್ದರೋ ಅದನ್ನು ಬರೆಯಿರಿ. ತೆಂಗಿನಕಾಯಿ ತುರಿಯುವುದಕ್ಕೆ ಮೈಸೂರಿನವರು ತುರಿಯೋಮಣೆ ಎಂದಾರು, ಕರಾವಳಿಯವರು ಹೆರೆಮಣೆ ಎಂದಾರು. ಜಗಳ ಬೇಡ, ಎರಡನ್ನೂ ಬರೆಯೋಣ. ಕೊಕ್ಕೆಗಳ ಗೊಂಚಲಿನಂಥ ಒಂದು ಕಬ್ಬಿಣದ ಸಾಮಾನಿದೆ. ಬೆಳಗಿನಿಂದ ಮಕ್ಕಳು ಅದನ್ನು ಹಡಗಿನ ಲಂಗರು ಎನ್ನುತ್ತಿದ್ದಾರೆ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಅದು. ಹೇಗೆ ಬಿಡುತ್ತಿದ್ದರೆಂದು ಬಲ್ಲವರು ದಯವಿಟ್ಟು ಮಕ್ಕಳಿಗೆ ತೋರಿಸಿಕೊಡಿ. ಕೊನೆಯದಾಗಿ ಮೇಜಿನ ಎಡ ತುದಿಯಲ್ಲಿ ಒಂದು ಮರದ ಅಳತೆಯ ಪಾತ್ರೆ ಇದೆ. ಕುಂದಾಪುರದ ಕಡೆಯ ಒಂದು ಮನೆಯಿಂದ ಬಂದದ್ದು. ತಂದವರಿಗೆ ಹೆಸರು ಮರೆತಿದೆ, ನನ್ನ ಅವ್ವನಿಗೂ ಗೊತ್ತಿಲ್ಲ. ಅದರ ಚೀಟಿ ಇನ್ನೂ ಖಾಲಿ. ಆ ಕಡೆಯ ಹಿರಿಯರು ಯಾರಾದರೂ ಇದ್ದರೆ ಕೈತೊಳೆಯುವ ಮೊದಲು ಒಮ್ಮೆ ಅದನ್ನು ಎತ್ತಿ ನೋಡಿರಿ. ಪೆನ್ನು ಅಲ್ಲಿಯೇ ಇದೆ.